ಮುನ್ನೂರು ಲೋಟ ಚಹಾ

ಗಿರಿವುನಿ ಎಂಬ ಗುಡ್ಡದ ಊರಿನಲ್ಲಿ ಮದುವೆಯಾಗಲಿ, ಸುನ್ನತಿಯಾಗಲಿ, ಸತ್ತವರ ಸಾವಿರನೆಯ ದಿನದ ಊಟವಾಗಲಿ, ಮೊದಲು ಗೊತ್ತುಮಾಡುವುದು ದಿನವನ್ನು, ಆಮೇಲೆ ಸಮಿಜಾನ್‌ನನ್ನು. ಅಡುಗೆಗೆ ಹತ್ತು ಹೆಂಗಸರು ಸಿಗುತ್ತಾರೆ, ಚಪ್ಪರ ಹಾಕಲು ಇಪ್ಪತ್ತು ಗಂಡಸರು ಸಿಗುತ್ತಾರೆ, ಚಹಾಕ್ಕೆ ಮಾತ್ರ ಅವನೊಬ್ಬನೇ. ಆ ಕೆಲಸದವನನ್ನು ಜಯೆಂಗ್ ಎನ್ನುತ್ತಾರೆ. ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಅವನಿಗೆ ಒಲೆ ಹೂಡಿಕೊಟ್ಟರೆ ಮುಗಿಯಿತು, ಅದರೊಳಗೆ ಊರ ಮುಖಂಡನ ಮಾತೂ ನಡೆಯುವುದಿಲ್ಲ.

ಈ ಕಡೆಯ ಮದುವೆಗಳಲ್ಲಿ ನೆಂಟರು ಕುರ್ಚಿ ಬಿಟ್ಟು ಏಳುವ ಪದ್ಧತಿಯಿಲ್ಲ. ಕೂತಲ್ಲಿಗೇ ಎಲ್ಲವೂ ಬರುತ್ತದೆ. ಮೊದಲು ಚಹಾ, ಆಮೇಲೆ ತಿಂಡಿ, ಸಾರು, ಅನ್ನ, ಕೊನೆಗೆ ಐಸು, ಎಂದರೆ ತಣ್ಣನೆಯ ಸಿಹಿ. ಐಸು ಬಂತೆಂದರೆ ಇನ್ನು ಎದ್ದು ಹೊರಡಿ ಎಂದರ್ಥ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಾಯಿಬಿಟ್ಟು ಹೇಳದೆ ಇರುವುದರಲ್ಲಿ ಗಿರಿವುನಿಯವರನ್ನು ಮೀರಿಸಿದವರಿಲ್ಲ. ಊಟ ಸುಮಾರಾದರೆ ಜನ ಮರೆಯುತ್ತಾರೆ. ಮೊದಲು ಬರುವ ಚಹಾ ಕೆಟ್ಟರೆ ಮದುಮಗಳು ಮುದುಕಿಯಾಗುವವರೆಗೂ ನೆನಪಿಟ್ಟುಕೊಳ್ಳುತ್ತಾರೆ, ಅದೂ ಬೆನ್ನ ಹಿಂದೆ.

ಸಮಿಜಾನ್ ಇಪ್ಪತ್ತನೆಯ ವಯಸ್ಸಿನಲ್ಲಿ ಎಲ್ಲರ ಹಾಗೆ ಜಕಾರ್ತಕ್ಕೆ ಹೋಗಿದ್ದ. ಈ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮರಗೆಣಸು, ತೇಗ, ಮೇಕೆ ಬಿಟ್ಟರೆ ಇನ್ನೇನೂ ಬೆಳೆಯುವುದಿಲ್ಲ. ಗಂಡಸರೆಲ್ಲ ಜಕಾರ್ತದ ಬೀದಿಗಳಲ್ಲಿ ಮಾಂಸದುಂಡೆ ಸಾರಿನ ಗಾಡಿ ತಳ್ಳುತ್ತಾರೆ, ಹಬ್ಬಕ್ಕೂ ಮದುವೆಗೂ ಬಸ್ಸು ತುಂಬಿಕೊಂಡು ಬರುತ್ತಾರೆ. ಸಮಿಜಾನ್ ಮೂರು ವರ್ಷ ಗಾಡಿ ತಳ್ಳಿ ವಾಪಸು ಬಂದುಬಿಟ್ಟ. ಯಾಕೆ ಎಂದರೆ, "ಅಲ್ಲಿನ ನೀರಲ್ಲಿ ಚಹಾ ಆಗಲ್ಲ" ಎಂದ. ಊರಿಗೆ ಊರೇ ನಕ್ಕಿತು. ನಗದವನು ಅವನ ಸೋದರಮಾವ ಮಿತ್ರೊ ಒಬ್ಬನೇ. ಮಿತ್ರೊ ಆಗಿನ ಜಯೆಂಗ್. ಏಳು ವರ್ಷ ಅಳಿಯನಿಂದ ಬರೀ ಬೆಂಕಿ ಹಾಕಿಸಿದ, ಎಂಟನೆಯ ವರ್ಷ ಸೌಟು ಕೈಗೆ ಕೊಟ್ಟು ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತ.

ಅದಾಗಿ ಮೂವತ್ತೈದು ವರ್ಷ. ಸಮಿಜಾನ್‌ನ ಚಹಾದ ಗುಟ್ಟು ಎಲ್ಲರಿಗೂ ಗೊತ್ತಿರುವಂಥದ್ದೇ. ಮೂರು ಬಗೆಯ ಚಹಾ ಸೊಪ್ಪು ಬೆರೆಸುತ್ತಾನೆ, ಒಂದು ಬಣ್ಣಕ್ಕೆ, ಒಂದು ಮಲ್ಲಿಗೆಯ ಪರಿಮಳಕ್ಕೆ, ಒಂದು ನಾಲಗೆ ಹಿಡಿಯುವ ಒಗರಿಗೆ. ಗುಡ್ಡದ ನೀರನ್ನು ಹಾಗೇ ಕಾಯಿಸಿದರೆ ಚಹಾದ ಮೇಲೆ ಬಿಳಿ ಪೊರೆ ಕಟ್ಟುತ್ತದೆ; ಬೇಸಿಗೆಯ ಟ್ಯಾಂಕರ್ ನೀರಿಗೆ ಕೊಳವೆಯ ವಾಸನೆ. ಅದಕ್ಕೇ ನೀರನ್ನು ಎರಡು ದಿನ ಮೊದಲೇ ಮಣ್ಣಿನ ಹರವಿಗಳಲ್ಲಿ ತುಂಬಿಸಿ, ಮೇಲಿನ ಮುಕ್ಕಾಲು ಭಾಗವನ್ನಷ್ಟೇ ತೆಗೆಯುತ್ತಾನೆ. ಬಿಸಿ, ಸಿಹಿ, ಗಟ್ಟಿ, ಈ ಮೂರೂ ಇದ್ದರೆ ಅದು ಚಹಾ. ಅಳತೆಯ ಪಾತ್ರೆ ಅವನ ಹತ್ತಿರ ಇರಲೇ ಇಲ್ಲ. ಚಮಚದಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, "ಹ್ಞೂಂ" ಎಂದರೆ ತಟ್ಟೆಗಳು ಹೊರಡಬಹುದು.

ಅವನ ಪಕ್ಕದಲ್ಲಿ ಲೋಟ ತೊಳೆಯುವವಳು ಸರ್ಮಿ. ಗಂಡ ಸತ್ತವಳು, ಅವನಿಗಿಂತ ಎರಡು ವರ್ಷ ದೊಡ್ಡವಳು, ಅವನಿಗೆ ಅವಳು 'ಯು', ಎಂದರೆ ಅಕ್ಕ. ಅವಳಿಗೂ ಊರಿಗೂ ಅವನು 'ಕಾಂಗ್', ಅಣ್ಣ. ಯಾರು ಯಾರಿಗೆ ದೊಡ್ಡವರು ಎಂದು ಇಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ, ಮರ್ಯಾದೆ ಹೆಚ್ಚಾದಷ್ಟೂ ಒಳ್ಳೆಯದು. ಬೆಳಿಗ್ಗೆ ಬಂದವಳೇ ಸಕ್ಕರೆ ಚೀಲ ಬಿಚ್ಚಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಕ್ಕರೆ ನೀರು ಕುದಿಸಿ, ಒಲೆಯ ಎಡಕ್ಕೆ ಇಡುವುದೂ ಅವಳದೇ ಕೆಲಸ. ಬೇರೆ ಯಾರಾದರೂ ಚೀಲ ಮುಟ್ಟಿದರೆ ಸಮಿಜಾನ್ ಕೂಗಾಡುತ್ತಿದ್ದ. ಒಮ್ಮೆ ಮದುಮಗನ ತಾಯಿ ಪಾಯಸಕ್ಕೆಂದು ಒಂದು ಹಿಡಿ ತೆಗೆದಾಗ, "ಹಾಗಾದ್ರೆ ಚಹಾನೂ ನೀವೇ ಕಾಸ್ಕೊಳ್ಳಿ" ಎಂದು ಸೌಟು ಬಿಸಾಕಿ ಮನೆಗೆ ಹೋಗಿದ್ದನಂತೆ. ನಾಲ್ಕು ಜನ ಹೋಗಿ ಕರೆತರಬೇಕಾಯಿತು.

ಜಗತ್ತಿಗೆಲ್ಲ ದೊಡ್ಡ ಕಾಯಿಲೆ ಬಂದ ವರ್ಷ ಅವನೂ ಹತ್ತು ದಿನ ಮಲಗಿದ. ಎದ್ದವನು ಲವಂಗದ ಸಿಗರೇಟು ಹಚ್ಚಿದರೆ ಹೊಗೆ ಬಂತು, ಲವಂಗ ಬರಲಿಲ್ಲ. ಒಂದು ದಿನ ಹೆಂಡತಿ ಲಗಿಯೆಮ್ ಒಲೆಯ ಮೇಲೆ ಎಣ್ಣೆ ಇಟ್ಟು ಮೇಕೆ ಕಟ್ಟಲು ಹೋಗಿದ್ದಳು. ಬಂದು ನೋಡಿದರೆ ಬಾಣಲೆ ಕರಕಲಾಗಿ ಅಡುಗೆಮನೆ ತುಂಬ ಘಾಟು, ಇವನು ಗೋಡೆಯಾಚೆ ಆರಾಮವಾಗಿ ಕತ್ತಿ ಮಸೆಯುತ್ತ ಕೂತಿದ್ದಾನೆ.

"ಮೂಗನ್ನ ಎಲ್ಲಿ ಬಿಟ್ಟು ಬಂದ್ರಿ?"

"ನೆಗಡಿ."

"ಎರಡು ತಿಂಗಳಿಂದ ನೆಗಡೀನಾ? ನಿನ್ನೆ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಬೆಕ್ಕು ಕೂಡ ಮೂಸಿ ನೋಡಿ ಹೋಯ್ತು. ನೀವು ಇನ್ನೊಂದು ಸಲ ಹಾಕಿಸ್ಕೊಂಡ್ರಿ."

ಆರೋಗ್ಯ ಕೇಂದ್ರದವರು ಕಾಯಿರಿ ಎಂದರು. ಮೂರು ತಿಂಗಳು ಕಾದ, ಆರು ತಿಂಗಳು ಕಾದ. ಮೆಣಸಿನಕಾಯಿಯ ಉರಿ ಗೊತ್ತಾಗುತ್ತಿತ್ತು, ಬಿಸಿ ತಂಪು ಗೊತ್ತಾಗುತ್ತಿತ್ತು. ಸಕ್ಕರೆಯೂ ಉಪ್ಪೂ ಬಾಯಲ್ಲಿ ಮರಳಿನ ಹಾಗೆ ಕರಗುತ್ತಿದ್ದವು.

"ಹೇಳ್ಬಿಡಿ. ಬೇರೆಯವ್ರು ಮಾಡ್ಕೊಳ್ಳಲಿ," ಎಂದಳು ಲಗಿಯೆಮ್.

"ನಾಲಗೆ ಹೋದ್ರೆ ಹೋಯ್ತು. ಕೈ ಇದೆಯಲ್ಲ. ಮೂವತ್ತಮೂರು ವರ್ಷದ ಕೈ."

ಧೈರ್ಯದ ಮಾತು ಅದು. ಒಳಗೆ ಇದ್ದದ್ದು ಭಯ. ಸೌಟು ಇಲ್ಲದ ಸಮಿಜಾನ್ ಎಂದರೆ ಯಾರು? ನಾಲ್ಕು ಮೇಕೆ, ಒಂದು ತುಂಡು ಮರಗೆಣಸಿನ ಹೊಲ, ಊರಲ್ಲಿ ಅಂಥವರು ಅರವತ್ತು ಜನ ಇದ್ದಾರೆ. ಕುರ್ಚಿಯ ಮೇಲೆ ಕೂತು ಬೇರೆಯವನ ಚಹಾ ಕುಡಿಯುವುದು ಅವನಿಂದ ಆಗದ ಮಾತು. ಹಾಗಾಗಿ ಕೈಯನ್ನೇ ನಂಬಿ ಒಂದು ಊಟಕ್ಕೆ ಚಹಾ ಕಾಸಿದ. ಚಮಚ ನಾಲಗೆಗೆ ಮುಟ್ಟಿಸಿದ, ಕಣ್ಣು ಮುಚ್ಚಿದ, "ಹ್ಞೂಂ" ಎಂದ. ಜನ ಎಂದಿನ ಹಾಗೆ ಹೊಗಳಿದರು. ಎರಡನೆಯ ಊಟದಲ್ಲೂ ಹೊಗಳಿದರು. ಎರಡು ವರ್ಷಗಳಲ್ಲಿ ಹದಿನೈದು ಸಮಾರಂಭ ಆದವು, ಒಂದು ದೂರು ಬರಲಿಲ್ಲ. ಕೊನೆಕೊನೆಗೆ ಅವನು ಹೆಂಡತಿಯ ಮುಂದೆ ಕೊಚ್ಚಿಕೊಳ್ಳತೊಡಗಿದ.

"ನೋಡ್ದಾ? ರುಚಿ ನೋಡಿ ಮಾಡೋರು ಕಲೀತಾ ಇರೋರು. ನನ್ನಂಥೋರಿಗೆ ಬೇಕಾಗಲ್ಲ."

"ಹೌದು ಹೌದು. ನಾಳೆಯಿಂದ ಕಣ್ಣೂ ಮುಚ್ಕೊಂಡು ಮೇಕೆ ಮೇಯ್ಸಿ," ಎಂದಳು ಅವಳು.

ಇಷ್ಟರಲ್ಲಿ ದರ್ಸೊನೊನ ಮಗಳ ಮದುವೆ ಬಂತು. ದರ್ಸೊನೊ ಗಾಡಿ ತಳ್ಳುತ್ತಲೇ ಜಕಾರ್ತದಲ್ಲಿ ಮೂರು ಅಂಗಡಿ ಮಾಡಿದವನು, ಬೀಗರು ಸೊಲೊ ಪಟ್ಟಣದವರು. ಮುನ್ನೂರು ಕುರ್ಚಿ ಹಾಕಿಸಿದ್ದ. ಪಟ್ಟಣದ ಅಡುಗೆಯವರನ್ನು ಕರೆಸಿ ಎಂದು ಬೀಗರು ಸೂಚಿಸಿದಾಗ, "ಅಡುಗೆಗೆ ಯಾರಾದ್ರೂ ಬರ್ಲಿ, ಚಹಾ ಮಾತ್ರ ನಮ್ಮ ಕಾಂಗ್ ಸಮಿಜಾನ್‌ದೇ" ಎಂದನಂತೆ. ಆ ಮಾತು ಸಂಜೆಯೊಳಗೆ ಸಮಿಜಾನ್‌ನ ಕಿವಿಗೆ ಬಿದ್ದು, ಅವನು ಹರವಿಗಳನ್ನು ಎರಡು ದಿನದ ಬದಲು ಮೂರು ದಿನ ಮೊದಲೇ ತುಂಬಿಸಿದ.

ಮದುವೆಯ ಹಿಂದಿನ ದಿನ ಸರ್ಮಿಯ ಮಗಳಿಗೆ ಹೆರಿಗೆ ನೋವು ಬಂತು. ಅವಳು ಗುಡ್ಡದಾಚೆಯ ಮಗಳ ಊರಿಗೆ ಹೊರಟಳು. ಹೊರಡುವ ಮುಂಚೆ ಸಮಿಜಾನ್‌ನ ಅಂಗಳಕ್ಕೆ ಬಂದಳು.

"ಕಾಂಗ್, ಮದುವೆ ಒಂದು ದಿನ ಮುಂದಕ್ಕೆ ಹೋಗಲ್ವಾ?"

"ನಿನ್ನ ಮೊಮ್ಮಗೂಗೋಸ್ಕರವಾ? ಹೋಗು ಯು, ಲೋಟ ಯಾರಾದ್ರೂ ತೊಳೀತಾರೆ."

"ಲೋಟ ತೊಳೀತಾರೆ," ಎಂದಳು ಅವಳು. ಬುಟ್ಟಿ ಎತ್ತಿಕೊಂಡು ನಡೆದಳು.

ಅವಳ ಬದಲು ಬಂದವಳು ಅವಳ ನಾದಿನಿ ಜುವರಿಯಾ. ಐವತ್ತು ದಾಟಿದ, ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಹೆಂಗಸು. "ಎಡಗಡೆ ಪಾತ್ರೆ ಕುದಿಸಿ ಇಟ್ಟಿರು," ಎಂದು ಸಮಿಜಾನ್ ಹೇಳಿದ. ಜಯೆಂಗ್‌ನ ಸಕ್ಕರೆಗೆ ಕೈ ಹಾಕಬಾರದು ಎಂಬುದನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದಳು, ಸೌಟು ಬಿಸಾಕಿದ ಕಥೆಯೂ ಗೊತ್ತಿತ್ತು. ಆದ್ದರಿಂದ ಪಾತ್ರೆಯ ತುಂಬ ಒಳ್ಳೆಯ ನೀರು ಹಾಕಿ, ಚೆನ್ನಾಗಿ ಕುದಿಸಿ, ಬಾಳೆಲೆ ಮುಚ್ಚಿ, ಎಡಕ್ಕೆ ಇಟ್ಟಳು. ಸಕ್ಕರೆ ಅವನೇ ಹಾಕಿಕೊಳ್ಳುತ್ತಾನೆ ಎಂದುಕೊಂಡಳು. ಚೀಲ ತಗಡಿಗೆ ಒರಗಿಕೊಂಡು ಹಾಗೇ ಕೂತಿತ್ತು.

ಹತ್ತು ಗಂಟೆಗೆ ನೆಂಟರು ಕೂತರು. ಸಮಿಜಾನ್ ಡಿಕಾಕ್ಷನ್‌ಗೆ ಎಡಗಡೆಯ ಪಾತ್ರೆಯಿಂದ ಸೌಟು ಸೌಟಾಗಿ ಬೆರೆಸಿದ. ಸೌಟು ಯಾಕೋ ಕೈಗೆ ಹಗುರ ಅನ್ನಿಸಿತು. ತೇಗದ ಸೌದೆ ಚೆನ್ನಾಗಿ ಉರಿದು ಸಕ್ಕರೆ ನೀರು ತೆಳ್ಳಗಾಗಿರಬೇಕು ಎಂದುಕೊಂಡ. ಚಮಚ, ಕಣ್ಣು, "ಹ್ಞೂಂ." ತಟ್ಟೆಗಳು ಹೊರಟವು.

ಅವನಿಗೊಂದು ಅಭ್ಯಾಸವಿತ್ತು. ಮೊದಲ ಸಾಲಿನವರು ಲೋಟ ಎತ್ತುವಾಗ ಪರದೆಯ ಸಂದಿಯಿಂದ ಇಣುಕಿ ನೋಡುತ್ತಿದ್ದ. ಒಳ್ಳೆಯ ಚಹಾ ಒಳಗೆ ಹೋದರೆ ಮನುಷ್ಯನ ಭುಜ ಒಂದಿಷ್ಟು ಇಳಿಯುತ್ತದೆ. ಅವತ್ತು ಬೀಗರ ಸಾಲು ಲೋಟ ಎತ್ತಿತು, ಕುಡಿಯಿತು, ಮುಚ್ಚಳ ಮುಚ್ಚಿ ಕೆಳಗಿಟ್ಟಿತು. ಒಂದು ಹುಬ್ಬೂ ಅಲುಗಲಿಲ್ಲ. ಆಮೇಲೆ ಮತ್ತೆ ಎತ್ತಿ, ತಳದ ತನಕ ಕುಡಿಯಿತು. ಮುನ್ನೂರು ಜನ ಮುನ್ನೂರು ಲೋಟ ಕಹಿ ಕಷಾಯವನ್ನು, ಹನಿ ಬಿಡದೆ, ಮಂದಹಾಸದೊಂದಿಗೆ ಕುಡಿದು ಮುಗಿಸಿದರು. ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡಿದ, ಪಕ್ಕದವನು ಸುಮ್ಮನಿದ್ದದ್ದರಿಂದ ತಾನೂ ಸುಮ್ಮನಾದ. ಇದಕ್ಕೆ ನಮ್ಮವರು ಸಂಕೋಚ ಎನ್ನುತ್ತಾರೆ, ದೊಡ್ಡ ಗುಣ ಎಂದು ಮಕ್ಕಳಿಗೆ ಕಲಿಸುತ್ತಾರೆ.

ಕರ್ತೊ ಮೇಷ್ಟ್ರೊಬ್ಬರೇ ಎರಡನೆಯ ಲೋಟ ತರಿಸಿಕೊಂಡರು. ನಿವೃತ್ತ ಶಾಲಾ ಮೇಷ್ಟ್ರು, ಊರಿನ ಎಲ್ಲ ಸಮಾರಂಭಗಳಿಗೆ ಕೆಲಸ ಹಂಚುವವರು, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆಯವರು.

ಚಹಾ ಹೇಗಿತ್ತು ಎಂದು ಸಮಿಜಾನ್ ಕೇಳಿದಾಗ ಒಬ್ಬ, "ಬಿಸಿಬಿಸಿ ಇತ್ತು ಕಾಂಗ್" ಎಂದ. ಇನ್ನೊಬ್ಬ, "ಗಟ್ಟಿ ಅಂದ್ರೆ ಗಟ್ಟಿ" ಎಂದ. ಮೂರರಲ್ಲಿ ಎರಡನ್ನೇ ಹೇಳುತ್ತಿದ್ದಾರೆ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಐಸು ಹಂಚಿ, ಜನ ಎದ್ದು, ಬಸ್ಸುಗಳು ಹೊರಟ ಮೇಲೆ ದರ್ಸೊನೊನ ಹೆಂಡತಿ ಹಿಂದಕ್ಕೆ ಬಂದಳು. ಜಯೆಂಗ್‌ಗೆ ಕೊಡುವ ಬುಟ್ಟಿ ಕೈಯಲ್ಲಿತ್ತು: ಅನ್ನ, ಮಾಂಸದ ಪಲ್ಯ, ಚಹಾ ಪೊಟ್ಟಣ. ಅದಕ್ಕೆ ಒಂದು ಸೇರು ಸಕ್ಕರೆಯನ್ನೂ ಸೇರಿಸುವುದು ರೂಢಿ. ಅವಳು ಬಗ್ಗಿ ಚೀಲದ ಬಾಯಿಗೆ ಕೈ ಹಾಕಿದಳು. ಹೊಲಿಗೆ ಹಾಕಿದ ಹಾಗೇ ಇತ್ತು. ಅವಳು ಒಂದು ಗಳಿಗೆ ಬಗ್ಗಿದಂತೆಯೇ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು, ತುಂಬ ಮೃದುವಾಗಿ ಕೇಳಿದಳು.

"ಕಾಂಗ್, ಸಕ್ಕರೆ ನಿಮ್ಮ ಮನೆಯಿಂದಲೇ ತಂದಿದ್ರಾ? ಛೆ, ಯಾಕೆ ತೊಂದರೆ ತಗೊಂಡ್ರಿ?"

ಸಮಿಜಾನ್ ಚೀಲ ನೋಡಿದ. ಎಡಗಡೆಯ ಪಾತ್ರೆ ನೋಡಿದ. ಜುವರಿಯಾಳನ್ನು ನೋಡಿದ, ಅವಳು ಲೋಟ ಒರೆಸುತ್ತಿದ್ದಳು. ತಪ್ಪಿಸಿಕೊಳ್ಳಲು ಒಂದು ಬಾಗಿಲನ್ನು ದರ್ಸೊನೊನ ಹೆಂಡತಿ ತೆಗೆದು ಕೊಟ್ಟಿದ್ದಳು, ತನ್ನ ಮಗಳ ಮದುವೆಯ ಮರ್ಯಾದೆ ಹೋದ ದಿನವೇ.

"ಹ್ಞೂಂ," ಎಂದ ಅವನು. ಬುಟ್ಟಿ ಹಿಡಿದುಕೊಂಡು ಮನೆಗೆ ನಡೆದ. ದಾರಿಯುದ್ದಕ್ಕೂ ಅವನಿಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಗಿತ್ತು. ಮನೆ ತಲುಪುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತ್ತು. ಮುನ್ನೂರು ಜನ ಇವತ್ತು ಹೇಳಲಿಲ್ಲ ಎಂದರೆ, ಹಿಂದಿನ ಹದಿನೈದು ಸಲ ಏನು ಕುಡಿದಿದ್ದರು?

ಮರುದಿನ ಗುಡ್ಡ ಹತ್ತಿ ಇಳಿದು ಸರ್ಮಿಯ ಮಗಳ ಮನೆಗೆ ಹೋದ. ಸರ್ಮಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು.

"ಹೆಣ್ಣು," ಎಂದಳು. "ಮೂರು ಕಿಲೋ ಇದೆ."

"ಯು, ನನ್ನ ಚಹಾಕ್ಕೆ ನೀನು ಏನು ಮಾಡ್ತಿದ್ದೆ?"

"ಲೋಟ ತೊಳೀತಿದ್ದೆ."

"ಯು."

ಅವಳು ಬಟ್ಟೆ ಹಿಂಡಿದಳು, ಕೊಡವಿದಳು, ಮತ್ತೆ ಹಿಂಡಿದಳು. "ನೀನು ಬೆಂಕಿ ಕಡೆ ತಿರುಗಿದಾಗ ಒಂದು ಗುಟುಕು ನೋಡ್ತಿದ್ದೆ. ಕಮ್ಮಿ ಇದ್ರೆ ಒಂದು ಸೌಟು ಸಕ್ಕರೆ ನೀರು ಹಾಕ್ತಿದ್ದೆ. ಜಾಸ್ತಿ ಇದ್ರೆ ಬಿಸಿನೀರು. ಅಷ್ಟೇ."

"ಯಾವಾಗಿಂದ?"

"ನೀನು ಎದ್ದ ಮೇಲೆ ಮೊದಲನೇ ಊಟದಿಂದ. ಅವತ್ತು ನೀನು ಎರಡು ಸಲ ಸಕ್ಕರೆ ನೀರು ಹಾಕಿದ್ದೆ. ಇರುವೆಗೂ ಬೇಡ ಆಗೋ ಹಾಗಿತ್ತು."

ಸಮಿಜಾನ್‌ಗೆ ಸಿಟ್ಟು ಬಂತು. "ನಂಗೆ ಹೇಳಬಾರ್ದಿತ್ತಾ? ಎರಡು ವರ್ಷ ನನ್ನ ಕೈ, ನನ್ನ ಕೈ ಅಂತ ಮೆರೀತಿದ್ದೆನಲ್ಲ! ನೀನು ಪಕ್ಕದಲ್ಲೇ ಕೂತು ನಗ್ತಿದ್ಯಾ?"

"ನಗ್ಲಿಲ್ಲ ಕಾಂಗ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ?" ಎಂದಳು ಸರ್ಮಿ. ಅವಳ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. ಮೂವತ್ತೈದು ವರ್ಷದ ಜಯೆಂಗ್‌ಗೆ ಚಹಾ ಸರಿಯಿಲ್ಲ ಎಂದು ಹೇಳುವುದು ಹೇಗೆ ಎಂಬುದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಒಳಗೆ ಕೂಸು ಅಳತೊಡಗಿತು. ಆಮೇಲೆ ಅವನು ಕೂಸನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ, ಹೊರಟ.

ಹದಿನೈದು ದಿನ ಬಿಟ್ಟು ಕರ್ತೊ ಮೇಷ್ಟ್ರ ಜಗಲಿಯಲ್ಲಿ ಕೆಲಸ ಹಂಚುವ ಸಭೆ ಸೇರಿತು. ಮೇಷ್ಟ್ರ ತಾಯಿಯ ಸಾವಿರನೆಯ ದಿನದ ಊಟ. ಹಾಳೆ ಹಿಡಿದು ಮೇಷ್ಟ್ರು ಓದಿದರು: ಕುರ್ಚಿ ಇಂಥವರು, ಸೌದೆ ಇಂಥವರು, ಚಹಾ ಕಾಂಗ್ ಸಮಿಜಾನ್. ಯಾರೂ ಕೆಮ್ಮಲಿಲ್ಲ. ಮುಂದಿನ ಹೆಸರಿಗೆ ಹೋಗುವಷ್ಟರಲ್ಲಿ ಸಮಿಜಾನ್ ಎದ್ದು ನಿಂತ.

"ನಂಗೆ ಎರಡೂವರೆ ವರ್ಷದಿಂದ ವಾಸನೆ ಇಲ್ಲ, ರುಚಿ ಇಲ್ಲ. ದರ್ಸೊನೊ ಮನೇಲಿ ಸಕ್ಕರೇನೇ ಹಾಕಿರ್ಲಿಲ್ಲ."

ಎಲ್ಲರೂ ಚಾಪೆ ನೋಡಿದರು.

"ನಾನು ಎರಡು ಲೋಟ ಕುಡಿದೆ ಕಾಂಗ್. ಬಹಳ ಚೆನ್ನಾಗಿತ್ತು," ಎಂದರು ಮೇಷ್ಟ್ರು.

"ಮೇಷ್ಟ್ರೇ, ನಿಮಗೆ ಸಕ್ಕರೆ ಕಾಯಿಲೆ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸಮಿಜಾನ್ ನಗಲಿಲ್ಲ. "ಎರಡು ವರ್ಷದಿಂದ ಚಹಾ ಸರಿ ಮಾಡ್ತಿದ್ದಿದ್ದು ಯು ಸರ್ಮಿ. ಬೆನ್ನ ಹಿಂದೆ ಮಾಡ್ತಿದ್ಳು. ಇನ್ಮೇಲೆ ನನ್ನ ಮುಂದೆ ಮಾಡ್ಲಿ. ಮೊದಲನೇ ಲೋಟ ಅವಳು ಕುಡೀಬೇಕು, ಹೇಗಿದೆ ಅಂತ ಎಲ್ರಿಗೂ ಕೇಳೋ ಹಾಗೆ ಹೇಳಬೇಕು. ಅದಾಗಲ್ಲ ಅಂದ್ರೆ ನನ್ನ ಹೆಸರು ಹೊಡೆದುಹಾಕಿ."

ಚಹಾದ ಒಲೆಯ ಹತ್ತಿರ ಹೆಂಗಸು ತೀರ್ಪು ಕೊಡುವುದು ಎಲ್ಲೂ ಇಲ್ಲ ಎಂದು ಇಬ್ಬರು ಮುದುಕರು ಬಹಳ ಸುತ್ತುಬಳಸಿ ಹೇಳಿದರು. ಕರ್ತೊ ಮೇಷ್ಟ್ರು ಪೆನ್ನು ಹಿಡಿದು ತುಸು ಹೊತ್ತು ಯೋಚಿಸಿ, ಸಮಿಜಾನ್‌ನ ಹೆಸರಿನ ಮುಂದೆ ಸರ್ಮಿಯ ಹೆಸರು ಬರೆದರು. ಸರ್ಮಿ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಊಟದ ದಿನ ತಗಡಿನ ಮಾಡಿನ ಮುಂದೆ ಎಂದೂ ಇಲ್ಲದಷ್ಟು ಜನ ಕೆಲಸ ಹುಡುಕಿಕೊಂಡು ಬಂದಿದ್ದರು. ಕಟ್ಟಿಗೆ ಒಡೆಯುವವರು, ತೆಂಗಿನಕಾಯಿ ತುರಿಯುವವರು, ಕೈಯಲ್ಲಿ ಏನೂ ಇಲ್ಲದವರು. ಜುವರಿಯಾ ಎಲ್ಲರಿಗಿಂತ ಮುಂದೆ. ಬೆಳಿಗ್ಗೆ ಸರ್ಮಿ ಎಂದಿನಂತೆ ಚೀಲಕ್ಕೆ ಕೈ ಹಾಕಲು ಹೋದಾಗ ಸಮಿಜಾನ್, "ಇವತ್ತು ಅದು ನಂಗೆ ಬಿಡು" ಎಂದು ಅವಳನ್ನು ಲೋಟಗಳ ಹತ್ತಿರ ಕಳಿಸಿದ್ದ.

ನೀರು ಕುದಿಯಿತು. ಅವನು ಮೂರು ಸೊಪ್ಪು ಬೆರೆಸಿದ, ಡಿಕಾಕ್ಷನ್ ಇಳಿಸಿದ, ಒಂದು ಲೋಟ ತುಂಬಿದ. ಅದಕ್ಕೆ ಒಂದು ಹರಳು ಸಕ್ಕರೆಯನ್ನೂ ಹಾಕಿರಲಿಲ್ಲ. ಚಮಚ ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸರ್ಮಿಗೆ ಕೊಟ್ಟ.

ಅವಳು ಸುತ್ತ ನಿಂತವರನ್ನು ನೋಡಿ, ಒಂದು ಗುಟುಕು ಕುಡಿದಳು. ನುಂಗಿದಳು. ಮುಖದಲ್ಲಿ ಒಂದು ಗೆರೆಯೂ ಸರಿಯಲಿಲ್ಲ.

"ಚೆನ್ನಾಗಿದೆ ಕಾಂಗ್," ಎಂದಳು.

ಸಮಿಜಾನ್ ಅವಳನ್ನೇ ನೋಡಿದ. ಸೌಟನ್ನು ತೊಳೆದು ಹಲಗೆಯ ಮೇಲೆ ಅಡ್ಡ ಇಟ್ಟ. ಹೆಗಲ ಮೇಲಿನ ಬಟ್ಟೆ ತೆಗೆದು ನಿಧಾನವಾಗಿ ಮಡಚಿ ಅದರ ಪಕ್ಕದಲ್ಲಿಟ್ಟ. ಮಾವ ಮಿತ್ರೊ ಹೋಗಿ ಕೂತಂಥ ಕುರ್ಚಿಗಳು ಚಪ್ಪರದ ಕೆಳಗೆ ಸಾಲಾಗಿದ್ದವು. ಅವನು ಆ ಕಡೆಗೆ ಎರಡು ಹೆಜ್ಜೆ ಇಟ್ಟ.

"ಸಪ್ಪೆ," ಎಂದಳು ಸರ್ಮಿ.

ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಅವಳ ಕತ್ತು ಕೆಂಪಾಗಿತ್ತು. "ಬರೀ ಕಹಿ. ಇದನ್ನ ಯಾರೂ ಕುಡಿಯಕ್ಕಾಗಲ್ಲ," ಎಂದಳು, ಇನ್ನೂ ಜೋರಾಗಿ, ಬೀದಿಯವರೆಗೂ ಕೇಳುವ ಹಾಗೆ.

ಸಮಿಜಾನ್ ವಾಪಸು ಬಂದ. ಮಂಡಿಯೂರಿ ಕೂತು ಚೀಲದ ಬಾಯಿಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಎಷ್ಟು ಹಾಕ್ಲಿ, ಯು?" ಎಂದು ಕೇಳಿದ.